ತಾಳಮದ್ದಳೆ ಫೈಲುಗಳನ್ನು ಜೋಡಿಸೋಕೆ ಟರ್ಮಿನಲ್ ವಾಸಿಯೋ, ಮೌಸ್ ವಾಸಿಯೋ?

ನನ್ನ ಹತ್ತಿರ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನದ) ಸಾವಿರಾರು ಆಡಿಯೊ ಫೈಲುಗಳಿವೆ. ಕೆಲವು ಹಳೆ ಕ್ಯಾಸೆಟ್‌ಗಳಿಂದ ಇಳಿಸಿಕೊಂಡವು, ಕೆಲವು ಗೆಳೆಯರ ಪೆನ್ ಡ್ರೈವ್‌ನಿಂದ ಬಂದವು, ಉಳಿದದ್ದೆಲ್ಲ ವಾಟ್ಸಾಪ್‌ನದು. ಇವನ್ನು ವರ್ಷ, ಪ್ರಸಂಗ (ಆಡಿದ ಕಥೆ), ಊರು ಅಂತ ಬೇರೆ ಮಾಡಿಡುವ ಕೆಲಸವನ್ನು ಲಿನಕ್ಸ್‌ನಲ್ಲಿ ಎರಡೂ ರೀತಿ ಮಾಡಿ ನೋಡಿದ್ದೇನೆ. ಒಂದು, ಡಾಲ್ಫಿನ್ ಎಂಬ ಫೈಲ್ ಮ್ಯಾನೇಜರ್ ತೆರೆದು ಮೌಸ್ ಹಿಡಿದು. ಇನ್ನೊಂದು, ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡಿ. ಟರ್ಮಿನಲ್ ಬಲ್ಲವರಿಗೆ, ಮೌಸ್ ಹೊಸಬರಿಗೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಫೈಲ್ ಎಲ್ಲಿಗೆ ಹೋಗಬೇಕು ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗುತ್ತದಾ? ಹಾಗಿದ್ದರೆ ಕಮಾಂಡ್. ಪ್ರತಿ ಫೈಲನ್ನೂ ಕೇಳಿ ನೋಡಿಯೇ ತೀರ್ಮಾನಿಸಬೇಕಾ? ಹಾಗಿದ್ದರೆ ಮೌಸ್.

ವಾಟ್ಸಾಪ್ ಫೈಲುಗಳನ್ನೇ ತಗೊಳ್ಳಿ. ಅವುಗಳ ಹೆಸರು ‘ಎಯುಡಿ’ ಅಂತ ಶುರುವಾಗುತ್ತದೆ. ಆಮೇಲೆ ಒಂದು ಗೆರೆ, ಎಂಟು ಅಂಕಿಯ ದಿನಾಂಕ, ಕೊನೆಗೆ ‘ಡಬ್ಲ್ಯೂಎ’ ಮತ್ತು ಒಂದು ನಂಬರ್. ದಿನಾಂಕದಲ್ಲಿ ವರ್ಷವೇ ಮೊದಲು ಬರುವುದರಿಂದ ಕೆಲಸ ಸಲೀಸು. ‘ಎಂವಿ’ ಅಂದರೆ ಫೈಲನ್ನು ಬೇರೆ ಕಡೆ ಸಾಗಿಸುವ ಕಮಾಂಡ್, ನಕ್ಷತ್ರ ಅಂದರೆ ಆಮೇಲೆ ಏನಿದ್ದರೂ ಸರಿ. ‘ಎಂವಿ ಎಯುಡಿ-2019* 2019/’ (mv AUD-2019* 2019/) ಅಂತ ಒಂದು ಸಾಲು ಕೊಟ್ಟರೆ 2019ರವೆಲ್ಲ ಆ ಫೋಲ್ಡರ್‌ಗೆ ಹೋಗುತ್ತವೆ. ಇಷ್ಟನ್ನೇ ಮೌಸ್‌ನಲ್ಲೂ ಮಾಡಬಹುದು. ಹೆಸರಿನ ಪ್ರಕಾರ ಜೋಡಿಸಿ, ಮೊದಲನೆಯದನ್ನು ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿ, ಎಳೆದು ಹಾಕಿದರೆ ಆಯ್ತು. ಒಂದು ವರ್ಷಕ್ಕಾದರೆ ಎರಡೂ ಸಮ. ಹತ್ತು ವರ್ಷದ್ದು ಆಗಬೇಕು, ಮುಂದಿನ ತಿಂಗಳು ಮತ್ತೆ ಆಗಬೇಕು ಅಂದಾಗ ಮೌಸ್ ಕೈ ನೋಯಿಸುತ್ತದೆ. ಟರ್ಮಿನಲ್‌ನಲ್ಲಿ ಮೇಲಿನ ಬಾಣದ ಗುರುತು ಒತ್ತಿದರೆ ಹಳೆ ಸಾಲು ಹಾಗೇ ವಾಪಸ್ ಬರುತ್ತದೆ.

ಆದರೆ ಆ ದಿನಾಂಕಕ್ಕೂ ತಾಳಮದ್ದಳೆ ಕೂಟ ನಡೆದ ದಿನಕ್ಕೂ ಸಂಬಂಧವಿಲ್ಲ. ಒಳಗಿರುವುದು ಯಾವ ಪ್ರಸಂಗ ಅನ್ನುವುದೂ ಹೆಸರಿನಿಂದ ಗೊತ್ತಾಗದು. ಅದಕ್ಕೆ ಕೇಳಲೇಬೇಕು. ಡಾಲ್ಫಿನ್‌ನಲ್ಲಿ ಎಫ್11 ಒತ್ತಿದರೆ ಬದಿಯಲ್ಲಿ ಒಂದು ಪಟ್ಟಿ ತೆರೆಯುತ್ತದೆ, ಅಲ್ಲೇ ಆಡಿಯೊ ಹಾಕಿ ಕೇಳಬಹುದು. ಭಾಗವತರ (ಹಾಡುವವರ) ಒಂದು ಪದ್ಯ, ಅರ್ಥಧಾರಿಯ (ಪಾತ್ರದ ಮಾತಾಡುವವರ) ಪೀಠಿಕೆ ಸ್ವಲ್ಪ ಕಿವಿಗೆ ಬಿದ್ದರೆ ಸಾಕು, ಇದು ‘ಕೃಷ್ಣ ಸಂಧಾನ’ವೋ ‘ಕರ್ಣಾರ್ಜುನ’ವೋ ಅಂತ ತಿಳಿಯುತ್ತದೆ. ಕೇಳುತ್ತಲೇ ಎಫ್2 ಒತ್ತಿ ಹೆಸರು ಬದಲಿಸಿ, ಪಕ್ಕದ ಫೋಲ್ಡರ್‌ಗೆ ಹಾಕುತ್ತೇನೆ. ಈ ಕೆಲಸವನ್ನು ಟರ್ಮಿನಲ್‌ನಲ್ಲಿ ಮಾಡೋದು ಸುಮ್ನೆ ಹಟ.

ಇನ್ನು ಅಪಾಯದ ಮಾತು. ಒಂದೇ ಪ್ರಸಂಗ ಎಷ್ಟೋ ಊರಲ್ಲಿ, ಎಷ್ಟೋ ಸಲ ಆಗಿರುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಕೂಟದ ಫೈಲುಗಳಿಗೆ ‘ವಾಲಿ ವಧೆ’ ಅನ್ನುವ ಒಂದೇ ಹೆಸರು ಇರೋದು ಮಾಮೂಲು. ಮೌಸ್‌ನಲ್ಲಿ ಎಳೆದರೆ ಡಾಲ್ಫಿನ್ ತಡೆದು ಕೇಳುತ್ತದೆ: ಹಳೆಯದರ ಮೇಲೆ ಬರೆಯಬೇಕಾ, ಬಿಡಬೇಕಾ, ಬೇರೆ ಹೆಸರು ಕೊಡಬೇಕಾ? ಎರಡರ ಗಾತ್ರ, ದಿನಾಂಕವನ್ನೂ ತೋರಿಸುತ್ತದೆ. ಬರೀ ‘ಎಂವಿ’ ಕೊಟ್ಟರೆ ಅದು ಏನೂ ಕೇಳದೆ ಹಳೆಯದನ್ನು ಅಳಿಸಿ ಹೊಸದನ್ನು ಇಡುತ್ತದೆ. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಜೊತೆಗಾರರು 1969ರಿಂದ ಬೆಲ್ ಲ್ಯಾಬ್ಸ್‌ನಲ್ಲಿ ‘ಎಂವಿ’ಯ ತವರಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದಾಗ ಉತ್ತರ ಅಚ್ಚಾಗುತ್ತಿದ್ದದ್ದು ಟೆಲಿಟೈಪ್ ಕಾಗದದ ಮೇಲೆ. ಅಲ್ಲಿ ಕಡಿಮೆ ಮಾತು ಸರಿಯೇ. ನಮ್ಮಂಥವರ ಸಂಗ್ರಹಕ್ಕೆ ಮಾತ್ರ ಆ ಮೌನ ಒಳ್ಳೆಯದಲ್ಲ. ‘ಎಂವಿ’ ಜೊತೆ ‘-ಐ’ (-i) ಹಾಕಿದರೆ ಅದೂ ಕೇಳಿಯೇ ಮುಂದುವರಿಯುತ್ತದೆ. ಪ್ರತಿ ಸಲ ಹಾಕಿ.

ಅಳಿಸುವುದಂತೂ ನಾನು ಮೌಸ್‌ನಲ್ಲೇ. ಡಿಲೀಟ್ ಒತ್ತಿದರೆ ಫೈಲ್ ಕಸದ ಬುಟ್ಟಿಗೆ ಹೋಗುತ್ತದೆ, ಬೇಕಾದರೆ ವಾಪಸ್ ತರಬಹುದು. ಟರ್ಮಿನಲ್‌ನಲ್ಲಿ ಅಳಿಸುವ ಕಮಾಂಡ್ ‘ಆರ್‌ಎಂ’ಗೆ (rm) ಕಸದ ಬುಟ್ಟಿಯೇ ಇಲ್ಲ. ‘2019*’ ಅನ್ನುವಲ್ಲಿ ನಕ್ಷತ್ರಕ್ಕೆ ಮೊದಲು ಒಂದು ಸ್ಪೇಸ್ ಬಿದ್ದರೆ ನಾವು ಆಗ ಇರುವ ಫೋಲ್ಡರ್‌ನ ಅಷ್ಟೂ ಫೈಲುಗಳು ಹೋದವು.

ಕನ್ನಡದಲ್ಲೇ ಹೆಸರಿಡುವವರಿಗೆ ಟರ್ಮಿನಲ್ ಇನ್ನೂ ಪೂರ್ತಿ ಒಗ್ಗಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಕಮಾಂಡ್ ಇಂಗ್ಲಿಷ್‌ನಲ್ಲಿ, ಹೆಸರು ಕನ್ನಡದಲ್ಲಿ, ಕೀಬೋರ್ಡ್ ಬದಲಿಸಿ ಬದಲಿಸಿ ಬೇಜಾರು. ನಾನು ಡಾಲ್ಫಿನ್‌ನಲ್ಲಿ ಎಫ್4 ಒತ್ತಿ ಟರ್ಮಿನಲನ್ನು ಅದೇ ಕಿಟಕಿಯ ಕೆಳಗೆ ತೆರೆದುಕೊಳ್ಳುತ್ತೇನೆ. ಮೇಲೆ ಯಾವ ಫೋಲ್ಡರ್‌ಗೆ ಹೋದರೂ ಕೆಳಗೆ ಅದೂ ಬರುತ್ತದೆ. ಮೇಲಿನ ಫೈಲನ್ನು ಎಳೆದು ಕೆಳಗೆ ಬಿಟ್ಟು, ಅದರ ವಿಳಾಸವನ್ನು ಅಲ್ಲಿಗೆ ಹಾಕಿಕೊಳ್ಳಬಹುದು. ಕನ್ನಡ ಟೈಪ್ ಮಾಡುವ ಕೆಲಸವೇ ಇಲ್ಲ.

ಉದ್ದ ಹೆಸರಿನದು ಇನ್ನೊಂದು ತೊಡಕು. ಪ್ರಸಂಗ, ಭಾಗವತರು, ಎಲ್ಲ ಅರ್ಥಧಾರಿಗಳು, ಊರು, ತಾರೀಖು ಎಲ್ಲವನ್ನೂ ಫೈಲಿನ ಹೆಸರಲ್ಲೇ ತುಂಬುವವರಿದ್ದಾರೆ. ಲಿನಕ್ಸ್‌ನ ಎಕ್ಸ್ಟ್4 (ext4, ಫೈಲುಗಳನ್ನು ಇಡುವ ಒಂದು ಪದ್ಧತಿ) ಡಿಸ್ಕ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಅಂದರೆ ಕ, ಹಲಂತದ ಗುರುತು, ಷ, ಒಟ್ಟು 9 ಬೈಟ್. ಅಂದರೆ 85 ಸಂಕೇತಕ್ಕೇ ಜಾಗ ಮುಗಿಯಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿ ಬೈಟ್ ಎಣಿಸುವುದಿಲ್ಲ, ಅಲ್ಲಿ ಇಂಥ 255 ಸಂಕೇತಗಳು ಹಿಡಿಯುತ್ತವೆ. ಹಾಗಾಗಿ ಅಲ್ಲಿ ಚೆನ್ನಾಗಿದ್ದ ಫೈಲ್ ಇಲ್ಲಿಗೆ ಕಾಪಿಯೇ ಆಗದು. ಮೌಸ್‌ನಲ್ಲಿ ಕಾಪಿ ಹಾಕಿ ಊಟಕ್ಕೆ ಹೋದರೆ, ಅದು ಮಧ್ಯದಲ್ಲೇ ನಿಂತು ನಮ್ಮ ಉತ್ತರಕ್ಕೆ ಕಾಯುತ್ತಿರುತ್ತದೆ.

ಡಿಸ್ಕ್‌ನಿಂದ ಡಿಸ್ಕ್‌ಗೆ ದೊಡ್ಡ ಕಾಪಿ ಮಾಡುವಾಗ ‘ಆರ್‌ಸಿಂಕ್’ಗೆ (rsync) ಸಾಟಿಯಿಲ್ಲ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಹೊರತಂದ ಈ ಕಮಾಂಡ್, ಆಗದ ಫೈಲಿನ ಹೆಸರು ಹೇಳಿ ಉಳಿದದ್ದನ್ನು ಮುಂದುವರಿಸುತ್ತದೆ. ‘-ಎ’ (-a) ಹಾಕಿ ಓಡಿಸಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಅದೇ ಸಾಲನ್ನು ಮತ್ತೆ ಕೊಡಿ. ಆಗಿರುವುದನ್ನು ಬಿಟ್ಟು ಬಾಕಿಯದನ್ನಷ್ಟೇ ಮಾಡುತ್ತದೆ. ಒಂದು ಎಚ್ಚರ: ಮೂಲ ಫೋಲ್ಡರ್ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ಫೈಲುಗಳು ಮಾತ್ರ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರ್ ಸಮೇತ. ಅದಕ್ಕೇ ಮೊದಲು ‘-ಎವಿಎನ್’ (-avn) ಅಂತ ಹಾಕಿ ಓಡಿಸಿ. ಏನನ್ನೂ ಮುಟ್ಟದೆ, ಏನೇನು ಹೋಗಲಿದೆ ಅನ್ನುವ ಪಟ್ಟಿ ಕೊಡುತ್ತದೆ. ಪಟ್ಟಿ ಸರಿಯಿದ್ದರೆ ಕೊನೆಯ ‘ಎನ್’ ತೆಗೆದು ಎಂಟರ್ ಒತ್ತಿ.