ಹುಲಿವೇಷದ ಹಳದಿ, ಎರಡು ಪ್ರಿಂಟರಿನಲ್ಲಿ

ಕ್ಯಾಮೆರಾ ಆರಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ತಲೆ ತಿಂದದ್ದು ಮನೆಯಲ್ಲೇ ಫೋಟೊ ಅಚ್ಚು ಹಾಕುವ ಪ್ರಿಂಟರು.

ನನ್ನ ಹತ್ತಿರ ಇದ್ದದ್ದು "ಒಂದಿಂಚು" ಎಂದು ಕರೆಯುವ ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಬಿಲ್ಲೆಯ), ಜೇಬಿಗೆ ಹಿಡಿಯುವ ಕ್ಯಾಮೆರಾ. ಭಾವನದ್ದು ಲೆನ್ಸ್ ಬದಲಿಸುವ ಮಿರರ್‌ಲೆಸ್. ಕೃಷ್ಣ ಜನ್ಮಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ಉಡುಪಿಯ ರಥಬೀದಿಯಲ್ಲಿ ಎರಡರಲ್ಲೂ ಹುಲಿವೇಷ ತೆಗೆದೆ. ಹಗಲಿನ ಫೋಟೊಗಳಲ್ಲಿ ಯಾವುದು ಯಾವುದರದ್ದೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನವೆಂಬರ್ ಕಳೆದು ರಾತ್ರಿಯ ಯಕ್ಷಗಾನ ಬಯಲಾಟಕ್ಕೆ ಹೋದಾಗ ಬಣ್ಣ ಬಯಲಾಯಿತು. ಕುಣಿತ ಹಿಡಿಯಲು ಶಟರ್ 1/250 ಸೆಕೆಂಡ್ ಇಟ್ಟರೆ ಸಣ್ಣದರಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 6400ಕ್ಕೆ ಏರಿತು. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಮಿರರ್‌ಲೆಸ್ಸಿನಲ್ಲಿ ಅದೇ ವೇಷ ನುಣುಪಾಗಿ ಬಂತು.

ಆದರೆ ನಾನು ತೆಗೆಯುವುದು 4x6 ಇಂಚಿನ ಪ್ರಿಂಟು. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 1800x1200, ಅಂದರೆ 22 ಲಕ್ಷ ಪಿಕ್ಸೆಲ್ ಕೂಡ ಇಲ್ಲ. ಅಷ್ಟು ಚಿಕ್ಕದಾಗುವಾಗ ರವೆ ಮುಕ್ಕಾಲು ಪಾಲು ಮಾಯ. ಅದೂ ಅಲ್ಲದೆ ಭಾವ ಒಂದು ಲೆನ್ಸನ್ನು ಮಳೆಗಾಲವಿಡೀ ಚರ್ಮದ ಬ್ಯಾಗಿನಲ್ಲೇ ಬಿಟ್ಟು ಫಂಗಸ್ ಹಿಡಿಸಿಕೊಂಡರು. ನನ್ನ ಕ್ಯಾಮೆರಾ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಬೆಚ್ಚಗಿದೆ. ಸಣ್ಣದೇ ಸಾಕು ಅಂದುಕೊಂಡೆ.

ಈಗ ಪ್ರಿಂಟರು. ಶಾಯಿ ತುಂಬಿಸುವ ಟ್ಯಾಂಕ್ ಇರುವ ಇಂಕ್‌ಜೆಟ್ ಮೊದಲೇ ಇತ್ತು. ಫೋಟೊ ಒಂದರ ಖರ್ಚು ಕಮ್ಮಿ, ಎ4 ಕೂಡ ಬರುತ್ತದೆ, ಹುಲಿಯ ಪಟ್ಟೆ ಕಪ್ಪಂದರೆ ಕಪ್ಪು. ಸುಮ್ನೆ ಹೇಳಬಾರದು, ಚೆನ್ನಾಗಿಯೇ ಬರುತ್ತಿತ್ತು. ಆರು ವಾರ ಮುಟ್ಟದೆ ಬಿಟ್ಟೆ ನೋಡಿ, ಹುಲಿಯ ಮೈಮೇಲೆ ಇಲ್ಲದ ಪಟ್ಟೆಗಳೂ ಮೂಡಿದವು! ಶಾಯಿ ಚಿಮ್ಮುವ ಸಣ್ಣ ತೂತು, ಅಂದರೆ ನಾಝಲ್, ಒಣಗಿತ್ತು. ಕ್ಲೀನಿಂಗ್ ಕೊಟ್ಟಷ್ಟೂ ಶಾಯಿ ಕುಡಿಯಿತು. ಜುಲೈಯಲ್ಲಿ ಬಿಚ್ಚಿಟ್ಟ ಫೋಟೊ ಪೇಪರ್ ಥಂಡಿ ಹೀರಿ ಬಾಗಿತು. ಒದ್ದೆ ಬೆರಳು ತಾಗಿದರೆ ಬಣ್ಣ ಹರಡಿತು.

ಆಮೇಲೆ ತಂದ ಡೈ-ಸಬ್ಲಿಮೇಶನ್ ಪ್ರಿಂಟರಿಗೆ ಶಾಯಿಯೇ ಇಲ್ಲ. ರಿಬ್ಬನ್ನಿನ ಬಣ್ಣ ಬಿಸಿಗೆ ಕಾಗದಕ್ಕೆ ಇಳಿಯುತ್ತದೆ. ಕಾಗದ ನಾಲ್ಕು ಸಲ ಒಳಗೆ ಹೋಗಿ ಬರುತ್ತದೆ: ಹಳದಿ, ಮಜೆಂಟಾ, ಸಯಾನ್, ಕೊನೆಗೆ ಮೇಲಿನ ಪಾರದರ್ಶಕ ಪದರ. ಮೊದಲ ಸುತ್ತಿಗೆ ಅಮ್ಮ ಇಣುಕಿ, "ಎಂಥ ಮಾರಾಯ, ಹುಲಿಗೆ ಅರಸಿನ ಮಾತ್ರವಾ?" ಅಂದರು. ಒಂದು ನಿಮಿಷದೊಳಗೆ ಹುಲಿ ಪೂರ್ತಿ ಹೊರಬಂತು. ಆ ಪದರದ ದೆಸೆಯಿಂದ ನೀರು ಬಿದ್ದರೆ ಒರೆಸಿದರಾಯಿತು. ಎರಡು ತಿಂಗಳು ಮುಟ್ಟದಿದ್ದರೂ ತಕರಾರಿಲ್ಲ.

ಕೊರತೆಯೂ ಇದೆ. ಕಪ್ಪು ಸ್ವಲ್ಪ ಕಂದಿದ ಹಾಗೆ ಕಾಣುತ್ತದೆ. ಧೂಳಿನ ಕಣ ಕೂತರೆ ಅಲ್ಲೊಂದು ಬಿಳಿ ಚುಕ್ಕೆ. 4x6 ದಾಟಿದ ಫೋಟೊ ನನ್ನದರಲ್ಲಿ ಬರುವುದಿಲ್ಲ. ಫೋಟೊ ಎಷ್ಟೇ ಖಾಲಿ ಇರಲಿ, ಒಂದು ಪ್ರಿಂಟಿನಷ್ಟು ರಿಬ್ಬನ್ ಹೋಗಿಯೇ ಹೋಗುತ್ತದೆ, ಖರ್ಚೂ ಜಾಸ್ತಿ. ತಿಂಗಳಿಗೆ ಹತ್ತು ಪ್ರಿಂಟು ತೆಗೆಯುವ ನನಗೆ ಅದು ನಡೆಯುತ್ತದೆ. ವಾರವಾರ ಐವತ್ತು ತೆಗೆಯುವವರು ಇಂಕ್‌ಜೆಟ್ಟನ್ನೇ ಕೊಳ್ಳಿ.

ಹಳೆಯ ಇಂಕ್‌ಜೆಟ್ ಮಗಳ ಶಾಲೆಯ ಕೆಲಸಕ್ಕೆ ಉಳಿದಿದೆ. ನಾಝಲ್ ಒಣಗದ ಹಾಗೆ ಪ್ರತಿ ಸೋಮವಾರ ಒಂದು ಬಣ್ಣದ ಹಾಳೆ ತೆಗೆಯುವುದು ಅವಳ ಪಾಲಿನ ಕೆಲಸ.