ಟೆಕ್ಸಾಸ್‌ನಲ್ಲಿ ಜಿಂಕೆ ಶಿಕಾರಿ: ನವೆಂಬರ್, ಡಿಸೆಂಬರ್, ಜನವರಿ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜನವರಿಗೆ. ಅದರಲ್ಲೂ ಜನರಲ್ ಸೀಸನ್, ಅಂದರೆ ಬಂದೂಕಿನ ಶಿಕಾರಿಯ ಮುಖ್ಯ ಅವಧಿ, ಮುಗಿದ ಮೇಲೆ ಬರುವ ಆ ಎರಡು ವಾರಕ್ಕೆ. ಗೋಡೆಗೆ ತೂಗುಹಾಕಲು ದೊಡ್ಡ ಕೊಂಬು ಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ, ಅವರು ಡಿಸೆಂಬರ್ ಭಾಗ ಓದಿಕೊಂಡರೆ ಸಾಕು. ಫ್ರೀಜರ್ ತುಂಬ ಒಳ್ಳೆ ಮಾಂಸ ಬೇಕು, ಸ್ವಂತ ಜಾಗವಿಲ್ಲ, ಸಾವಿರಗಟ್ಟಲೆ ಡಾಲರ್ ಸುರಿಯಲು ಆಗುವುದಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಪ್ಪದ ಕಡೆಯವನು. ಅಜ್ಜಯ್ಯನ ಕೇಪಿನ ಕೋವಿಯ ಕತೆಗಳನ್ನು ಕೇಳಿ ಬೆಳೆದೆನೇ ಹೊರತು ಶಿಕಾರಿ ಕಂಡವನಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವರು ಕೋವಿ ಕೆಳಗಿಟ್ಟರು, ಮತ್ತೆ ಕಾಡಿಗೆ ಹೋಗಲಿಲ್ಲ. ನಮ್ಮಲ್ಲಿ ಅದು ಸರಿಯಾದದ್ದೇ, ಉಳಿದಿರುವುದೇ ಅಷ್ಟು. ಟೆಕ್ಸಾಸ್ ಲೆಕ್ಕ ಬೇರೆ. ಇಲ್ಲಿ ಬಿಳಿಬಾಲದ ಜಿಂಕೆ 50 ಲಕ್ಷಕ್ಕೂ ಹೆಚ್ಚಿವೆ, ಅವನ್ನು ಬೇಟೆಯಾಡುವ ತೋಳದಂಥ ದೊಡ್ಡ ಪ್ರಾಣಿಗಳು ಹೋಗಿ ಕಾಲವಾಯಿತು. ವರ್ಷಕ್ಕಿಷ್ಟು ಅಂತ ಕಡಿಮೆ ಮಾಡದಿದ್ದರೆ ಮೇವಿಲ್ಲದೆ ಬಡಕಲಾಗುತ್ತವೆ. ಆದರೆ ನೆಲ ನೂರಕ್ಕೆ 95 ಪಾಲು ಖಾಸಗಿಯವರದ್ದು. ಬೇಲಿ ದಾಟುವ ಹಾಗಿಲ್ಲ. ನನ್ನ ಹಾಗೆ ಆಸ್ಟಿನ್‌ನಲ್ಲಿ ಆಫೀಸ್ ಕೆಲಸ ಮಾಡಿಕೊಂಡಿರುವವನಿಗೆ ದುಡ್ಡು ಪಡೆದು ಬೇಟೆಗೆ ಬಿಡುವ ಖಾಸಗಿ ಜಮೀನಿನ, ಅಂದರೆ ರ‍್ಯಾಂಚ್‌ನ ಗೈಡೇ ದಾರಿ. ಹಾಗಾಗಿ ಯಾವ ವಾರ ಬುಕ್ ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲ ಸಲ ನಾನು ಎಡವಿದ್ದು ಅಲ್ಲೇ.

ವಿಡಿಯೋಗಳಲ್ಲಿ ನೋಡಿದ್ದು, ಆಫೀಸಿನಲ್ಲಿ ಕೇಳಿದ್ದು ಎಲ್ಲ ಒಂದೇ ಮಾತು: ನವೆಂಬರ್ ಮೊದಲೆರಡು ವಾರ ರಟ್, ಆಗ ಹೋಗು. ರಟ್ ಅಂದರೆ ಜಿಂಕೆಗಳು ಬೆದೆಗೆ ಬರುವ ಕಾಲ. ಹಗಲು ಪೊದೆ ಬಿಟ್ಟು ಹೊರಡದ ಬಲಿತ ಗಂಡು ಆಗ ಹೊಟ್ಟೆ, ಭಯ ಎರಡನ್ನೂ ಮರೆತು ಹೆಣ್ಣಿನ ಹಿಂದೆ ಬಯಲಿಗೆ ಬರುತ್ತದೆ. ಟೆಕ್ಸಾಸ್‌ನ ಜನರಲ್ ಸೀಸನ್ ಶುರುವಾಗುವುದೂ ನವೆಂಬರ್ ಮೊದಲ ಶನಿವಾರ. ಎರಡೂ ಕೂಡಿಬಂತು ಅಂದುಕೊಂಡು ದಕ್ಷಿಣ ಟೆಕ್ಸಾಸ್‌ನ ಕೊಟುಲ್ಲಾ ಹತ್ತಿರದ ರ‍್ಯಾಂಚ್ ಒಂದರಲ್ಲಿ ಮೂರು ದಿನಕ್ಕೆ 2,600 ಡಾಲರ್‌ಗೆ ಒಪ್ಪಿಕೊಂಡೆ, ಅರ್ಧ ಮುಂಗಡ.

ಮೊದಲ ಸಂಜೆ. ಜಿಂಕೆಗೆ ಕಾಣದಂತೆ ಅಡಗಿ ಕೂರುವ ಪೆಟ್ಟಿಗೆಯಂಥ ಬ್ಲೈಂಡ್‌ನೊಳಗೆ ಕೂತರೆ ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಸೆಕೆ, ಹೊರಗೆ 32 ಡಿಗ್ರಿ. ಮೆಸ್ಕೀಟ್ ಮುಳ್ಳಿನ ನಡುವೆ ನೇರವಾಗಿ ಕಡಿದ ಸೆಂಡೆರೊ ದಾರಿಯಲ್ಲಿ ಚೆಲ್ಲಿದ ಜೋಳಕ್ಕೆ ಬೆಳಕು ಮುಗಿಯುವ ಹೊತ್ತಿಗೆ ಮೂರು ಹೆಣ್ಣು, ಒಂದು ಎಳೆ ಗಂಡು ಬಂದವು. ಎದೆ ಹೊಡೆದುಕೊಳ್ಳುತ್ತಿತ್ತು. ಆ ಗಂಡು ಹೆಣ್ಣುಗಳ ಪಕ್ಕದಲ್ಲೇ ಮೇಯುತ್ತಿತ್ತು, ಒಂದು ಸಲವೂ ಮೂಗೆತ್ತಿ ನೋಡಲಿಲ್ಲ. ಗೈಡ್ ದುರ್ಬೀನು ನನ್ನ ಕೈಗೆ ಕೊಟ್ಟ. "ಕುತ್ತಿಗೆ ನೋಡಿ, ಹೆಣ್ಣಿನಷ್ಟೇ ತೆಳ್ಳಗಿದೆ. ಹಿಂಗಾಲಿನ ಗಿಣ್ಣಿನ ಹತ್ತಿರದ ಕೂದಲು ನೋಡಿ, ಕಪ್ಪಾಗಿಲ್ಲ. ಇಲ್ಲಿ ರಟ್‌ಗೆ ಇನ್ನೂ ಆರು ವಾರ ಇದೆ" ಅಂದ.

ಆರು ವಾರ! ಅದನ್ನು ಬುಕ್ ಮಾಡುವಾಗ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ನವೆಂಬರ್ ಅಂದರೆ ರಟ್ ಅಂತ ನಂಬಿಕೊಂಡಿದ್ದೆನಲ್ಲ. ನಾನು ನೋಡಿದ ವಿಡಿಯೋಗಳೆಲ್ಲ ಅಯೋವಾ, ಇಲಿನಾಯ್, ವಿಸ್ಕಾನ್ಸಿನ್ ಕಡೆಯವು. ಅಲ್ಲಿ ಚಳಿಗಾಲ ಕಠಿಣ, ಮರಿ ಮೇ ಕೊನೆಗೋ ಜೂನ್‌ಗೋ ಹುಟ್ಟಿ ಹಿಮ ಬೀಳುವುದರೊಳಗೆ ಬಲಿಯಬೇಕು. ಗರ್ಭ ಸುಮಾರು 200 ದಿನ, ಹಿಂದಕ್ಕೆ ಎಣಿಸಿದರೆ ನವೆಂಬರ್ ಮಧ್ಯ. ದಕ್ಷಿಣ ಟೆಕ್ಸಾಸ್‌ಗೆ ಆ ಆತುರವಿಲ್ಲ, ಮರಿ ಜುಲೈನಲ್ಲಿ ಹುಟ್ಟುತ್ತವೆ. ಹಗಲಿನ ಉದ್ದ ಕುಗ್ಗುವುದೇ ಎರಡೂ ಕಡೆ ಬೆದೆಗೆ ಸೂಚನೆ, ಆದರೆ ಆಯಾ ನೆಲದ ಜಿಂಕೆ ಅದಕ್ಕೆ ತನ್ನದೇ ದಿನದಲ್ಲಿ ಓಗೊಡುತ್ತದೆ.

ವಾಪಸ್ ಬಂದು ಹುಡುಕಿದರೆ ಎಲ್ಲ ಬಹಿರಂಗವಾಗಿಯೇ ಇದೆ. ರಾಜ್ಯದ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯವರು ಹೆಣ್ಣು ಜಿಂಕೆಗಳ ಹೊಟ್ಟೆಯ ಭ್ರೂಣ ಅಳೆದು, ಗಬ್ಬ ಕಟ್ಟಿದ ದಿನವನ್ನು ಹಿಂದಕ್ಕೆ ಎಣಿಸಿ, ಸೀಮೆವಾರು ಪಟ್ಟಿ ಮಾಡಿಟ್ಟಿದ್ದಾರೆ. ಗಲ್ಫ್ ಕರಾವಳಿಯ ಉತ್ತರ ಭಾಗದಲ್ಲಿ ಸೆಪ್ಟೆಂಬರ್ 30ರ ಸುಮಾರಿಗೇ ರಟ್‌ನ ಭರ. ಆಸ್ಟಿನ್‌ನ ಪಶ್ಚಿಮಕ್ಕಿರುವ ಗುಡ್ಡಸೀಮೆ ಹಿಲ್ ಕಂಟ್ರಿಯ ಪೂರ್ವಕ್ಕೆ ನವೆಂಬರ್ 7, ನಡುವಿಗೆ ನವೆಂಬರ್ 24, ಪಶ್ಚಿಮಕ್ಕೆ ಡಿಸೆಂಬರ್ 5. ದಕ್ಷಿಣ ಟೆಕ್ಸಾಸ್‌ನ ಪೂರ್ವ ಭಾಗಕ್ಕೆ ಡಿಸೆಂಬರ್ 16, ಪಶ್ಚಿಮಕ್ಕೆ 24. ಒಂದೇ ರಾಜ್ಯದೊಳಗೆ ಸುಮಾರು ಮೂರು ತಿಂಗಳ ಅಂತರ. ಈ ಪಟ್ಟಿ ನನಗೆ ಮೊದಲೇ ಸಿಕ್ಕಿದ್ದರೆ ಈ ಬರಹವೇ ಬೇಕಿರಲಿಲ್ಲ.

ಡಿಸೆಂಬರ್‌ಗೆ ಬದಲಾಯಿಸಿಕೊಡಿ ಅಂತ ಆ ರ‍್ಯಾಂಚಿನವರನ್ನು ಕೇಳಿದೆ. ಡಿಸೆಂಬರ್ ಭರ್ತಿ, ದರವೂ ಬೇರೆ, ಮುಂಗಡ ವಾಪಸಿಲ್ಲ. ಕಾಗದದಲ್ಲಿ ಹಾಗೇ ಇತ್ತು, ಸಹಿ ನನ್ನದೇ. ಆದರೂ ಫೋನಿನಲ್ಲಿ ನಾನು "ರಟ್‌ಗೋಸ್ಕರ ಬರುತ್ತಿದ್ದೇನೆ" ಅಂದಾಗ ಅವರು "ಆಯ್ತು ಬನ್ನಿ" ಅಂದದ್ದು ಇವತ್ತಿಗೂ ನೋವು.

ಕೊನೆಯ ಬೆಳಿಗ್ಗೆ ಬಕ್ (ಗಂಡು ಜಿಂಕೆ) ಸಿಗುವ ಆಸೆ ಬಿಟ್ಟು ಒಂದು ಹೆಣ್ಣು ಹೊಡೆದೆ. 7 ಗಂಟೆಗೆ ಹೊಡೆದದ್ದು, 9ಕ್ಕೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಕರುಳು ತೆಗೆದ ಹೊಟ್ಟೆಯೊಳಗೆ ಐಸ್ ಚೀಲ ತುರುಕಿ, ಚರ್ಮದ ಮೇಲೆ ಕೂರುತ್ತಿದ್ದ ನೊಣ ಓಡಿಸುತ್ತ, ಪೇಟೆಯ ಮಾಂಸ ಕತ್ತರಿಸುವ ಅಂಗಡಿಗೆ ಓಡಿದೆ. ಸೀಸನ್ನಿನ ಮೊದಲ ವಾರಾಂತ್ಯ ಅಲ್ಲವೇ, ಸಾಲಿನಲ್ಲಿ ನನ್ನ ಮುಂದೆ ಒಂಬತ್ತು ಪಿಕಪ್. ಮಾಂಸ ಕೆಡಲಿಲ್ಲ. ಆದರೆ ಆ ಎರಡು ಗಂಟೆಯ ದಿಗಿಲು ಮತ್ತೆ ಬೇಡ.

ಮರುವರ್ಷ ಡಿಸೆಂಬರ್ ಮೂರನೇ ವಾರ, ಅದೇ ಸೀಮೆ, ಬೇರೆ ರ‍್ಯಾಂಚ್, 3,800 ಡಾಲರ್. ಕೊಟ್ಟ ದುಡ್ಡಿಗೆ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೆಳಗಿನ ಜಾವ ಗೈಡ್ ನನ್ನನ್ನು ಒಂದು ಮುಳ್ಳುಪೊದೆಯ ಹಿಂದೆ ಕೂರಿಸಿ, ಹಳೆಯ ಎರಡು ಕೊಂಬುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ತಿರುಚಿ, ಕಾಲಿನಿಂದ ಜಲ್ಲಿ ಕೆರೆದ. ಎರಡು ಗಂಡು ಕಾದಾಡುವ ಸದ್ದು. ಎರಡು ನಿಮಿಷವೂ ಆಗಿರಲಿಲ್ಲ, ಪಾಪಾಸುಕಳ್ಳಿಯ ನಡುವಿನಿಂದ ಒಂದು ಬಕ್ ನೇರ ನಮ್ಮತ್ತ ಓಡಿ ಬಂದು 40 ಗಜದಲ್ಲಿ ನಿಂತಿತು. ಕುತ್ತಿಗೆ ಊದಿ ಎತ್ತಿನ ಹಿಣಿಲಿನ ಹಾಗೆ ದಪ್ಪ. ಕಿವಿ ಹಿಂದಕ್ಕೆ. ಹಿಂಗಾಲಿನ ಗಿಣ್ಣಿನಿಂದ ಗೊರಸಿನವರೆಗೆ ಎಣ್ಣೆ ಸುರಿದಂತೆ ಕಪ್ಪು, ಅದು ಕಾಲ ಮೇಲೆ ಹೊಯ್ದುಕೊಂಡ ಮೂತ್ರದ ಘಾಟು ಗಾಳಿಯಲ್ಲಿ ನಮಗೂ ಬಡಿಯಿತು. ಎಳೆಯದು, ಬಿಡಿ ಅಂದ ಗೈಡ್. ಬಿಟ್ಟೆವು. ಅದೇ ದಿನ ಸಂಜೆ ಬಲಿತದ್ದೊಂದು ಹೆಣ್ಣಿನ ಹೆಜ್ಜೆಗೆ ಮೂಗು ಹಚ್ಚಿಕೊಂಡು ಹಂದಿಯಂತೆ ಗುರುಗುಡುತ್ತ ದಾರಿಗೆ ಬಂತು, ಹೊಡೆದೆ.

ಕೊಂಬಿಗಾಗಿ ಹೋಗುವವರಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ, ಇದರಲ್ಲಿ ಎರಡು ಮಾತಿಲ್ಲ. ಒಂದು ಹೆಣ್ಣು ಬೆದೆಯಲ್ಲಿರುವುದು ಒಂದು ದಿನದ ಮಟ್ಟಿಗೆ, ಹಾಗಾಗಿ ಗಂಡುಗಳು ನಿಲ್ಲದೆ ಅಲೆಯುತ್ತವೆ.

ನನಗೆ ಒಗ್ಗದ್ದು ಮನೆಗೆ ಬಂದ ಮೇಲೆ. ರಟ್‌ನಲ್ಲಿ ಗಂಡು ಮೇಯುವುದೇ ಕಡಿಮೆ, ಮೈತೂಕದ ಐದರಲ್ಲೊಂದು ಪಾಲು ಕರಗಿಸಿಕೊಳ್ಳುತ್ತದೆ. ಹಿಂಗಾಲಿನ ಗಿಣ್ಣಿನ ಆ ಕಪ್ಪು ವಾಸನೆ ಗ್ರಂಥಿ ಮುಟ್ಟಿದ ಚಾಕು ಮಾಂಸಕ್ಕೆ ತಗಲದಂತೆ ಎಚ್ಚರ ವಹಿಸಿದರೂ ಮನೆಯವಳು ಮೊದಲ ಪೊಟ್ಟಣ ಬಿಚ್ಚಿದಾಗಲೇ "ಏನ್ರೀ ಇದು, ಹೋತದ ವಾಸನೆ" ಅಂದಳು. ಹುಣಸೆಹುಳಿ, ಕಾಳುಮೆಣಸು ಎರಡು ಪಟ್ಟು ಹಾಕಿ ಖಾಲಿ ಮಾಡಿದೆವು. ಜೊತೆಗೆ ಅದು ಮಕ್ಕಳ ಕ್ರಿಸ್‌ಮಸ್ ರಜೆಯ ವಾರ. ಮೂರು ದಿನ ನಾನು ಮುಳ್ಳುಕಾಡಿನಲ್ಲಿದ್ದೆ ಅನ್ನುವುದು ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ, ನನಗೂ.

ಇನ್ನು ಜನವರಿ. ಉತ್ತರ ವಲಯದಲ್ಲಿ ಜನರಲ್ ಸೀಸನ್ ಜನವರಿ ಮೊದಲ ಭಾನುವಾರ ಮುಗಿಯುತ್ತದೆ. ಅದರ ಮರುದಿನದಿಂದ ಎರಡು ವಾರ ಕೊಂಬಿಲ್ಲದವು ಮತ್ತು ಕವಲೊಡೆಯದ ಕೊಂಬಿನ ಗಂಡು ಮಾತ್ರ ಹೊಡೆಯಬಹುದು. ಕೊಂಬಿಗಾಗಿ ಬರುವವರು ಜಾಗ ಖಾಲಿ ಮಾಡಿರುತ್ತಾರೆ. ಇಲಾಖೆ ಹೇಳಿದಷ್ಟು ಹೆಣ್ಣು ಕಡಿಮೆ ಮಾಡುವ ಕೆಲಸ ರ‍್ಯಾಂಚಿನವರಿಗೆ ಇನ್ನೂ ಬಾಕಿ ಇರುತ್ತದೆ. ದರ ಬೀಳುವುದು ಅದಕ್ಕೇ. ಇದೇ ವಲಯದ, ಹಿಲ್ ಕಂಟ್ರಿಯ ಮೇಸನ್ ಊರಿನ ಹತ್ತಿರದ ಜಾಗದಲ್ಲಿ ಎರಡು ರಾತ್ರಿ ವಾಸ, ಎರಡು ಹೆಣ್ಣು, ಗೈಡ್ ಎಲ್ಲ ಸೇರಿ 850 ಡಾಲರ್. ಆಸ್ಟಿನ್‌ನಿಂದ ಎರಡು ಗಂಟೆ ದಾರಿ. ಶುಕ್ರವಾರ ಕೆಲಸ ಮುಗಿಸಿ ಹೊರಟವನು ಭಾನುವಾರ ಮಧ್ಯಾಹ್ನ ಊಟಕ್ಕೆ ಮನೆಯಲ್ಲಿದ್ದೆ.

ಹಿಲ್ ಕಂಟ್ರಿ ತುಂಬ ಓಕ್ ಮರ. ನವೆಂಬರ್‌ನಲ್ಲಿ ಅದರ ಕಾಯಿ ಉದುರುವಾಗ ಜಿಂಕೆ ಮರದಡಿಯೇ ಮೇಯ್ದುಕೊಂಡಿರುತ್ತದೆ, ಫೀಡರ್‌ನ, ಅಂದರೆ ಹೊತ್ತಿಗೆ ಸರಿಯಾಗಿ ತಿರುಗಿ ಕಾಳು ಚೆಲ್ಲುವ ಡಬ್ಬಿಯ, ಜೋಳದ ಕಡೆ ತಿರುಗಿಯೂ ನೋಡುವುದಿಲ್ಲ. ಜನವರಿಗೆ ಕಾಯಿ ಮುಗಿದು, ಹುಲ್ಲು ಒಣಗಿ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಅವತ್ತು ಬೆಳಿಗ್ಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಬ್ಲೈಂಡ್‌ನ ಕಿಟಕಿ ಅಂಚಿನಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು. ಫೀಡರ್ ತಿರುಗಿದ ಸದ್ದಿಗೆ ಏಳು ಹೆಣ್ಣು ಸಾಲಾಗಿ ಬಂದವು.

ತೊಂದರೆ ಇಲ್ಲವೆಂದಲ್ಲ. ಎರಡು ತಿಂಗಳು ಗುಂಡಿನ ಸದ್ದು ಕೇಳಿದ ಜಿಂಕೆ, ಮುದುಕಿ ಹೆಣ್ಣೊಂದು ಬ್ಲೈಂಡನ್ನೇ ದಿಟ್ಟಿಸಿ ಮುಂಗಾಲು ಬಡಿದು ಇಡೀ ಗುಂಪನ್ನು ಒಮ್ಮೆ ಓಡಿಸಿತು. ಕೊಂಬು ಮೂಡದ ಆ ವರ್ಷದ ಗಂಡುಮರಿಯನ್ನು ಹೆಣ್ಣೆಂದು ಹೊಡೆಯುವ ಅಪಾಯವೂ ಇದೆ. ಒಂಟಿಯಾಗಿ ಮೊದಲು ಬರುವ ಸಣ್ಣದನ್ನು ಹೊಡೆಯಬೇಡಿ, ಮೂತಿ ಉದ್ದವಿರುವ, ಗುಂಪಿನಲ್ಲಿ ಎಲ್ಲಕ್ಕೂ ದೊಡ್ಡದನ್ನು ಆರಿಸಿ ಅಂತ ಗೈಡ್ ಮೂರು ಸಲ ಹೇಳಿದ್ದ. ಪಕ್ಕದಲ್ಲಿ ಅವನಿದ್ದುದರ ಬೆಲೆ ಅಲ್ಲಿ ಗೊತ್ತಾಯಿತು.

ಮತ್ತೊಂದು ವಿಷಯ ನನಗೆ ಸುಲಭವಾಗಿರಲಿಲ್ಲ. ಜನವರಿಯ ಹೆಣ್ಣು ಗಬ್ಬ ಕಟ್ಟಿರುತ್ತದೆ. ಗಬ್ಬದ ಪ್ರಾಣಿಗೆ ಕೋವಿ ಎತ್ತಬಾರದು ಅನ್ನುವುದು ಅಜ್ಜಯ್ಯನ ಕಟ್ಟುನಿಟ್ಟು. ಫೋನಿನಲ್ಲಿ ಅಮ್ಮನೂ ಅದನ್ನೇ ಕೇಳಿದರು. ಹೊಟ್ಟೆ ಸೀಳುವಾಗ ನನ್ನ ಕೈ ನಿಂತದ್ದು ನಿಜ, ಒಳಗಿದ್ದ ಭ್ರೂಣ ಆರೇಳು ವಾರದ್ದು, ಬೆರಳಿನಷ್ಟು. ಗೈಡ್ ಟೊಪ್ಪಿ ತೆಗೆದು ಸುಮ್ಮನೆ ನಿಂತ. ಆಮೇಲೆ ಬೇಲಿಯಾಚೆ ಕೈ ತೋರಿಸಿದ. ಜಿಂಕೆ ಬಾಯಿಗೆ ಎಟಕುವ ಎತ್ತರದವರೆಗೆ ಪೊದೆ, ಚಿಗುರು ಎಲ್ಲ ಬೋಳಿಸಿದ ಹಾಗೆ ಖಾಲಿ. ಹೆಣ್ಣು ಕಡಿಮೆಯಾಗದಿದ್ದರೆ ಉಳಿದ ಮರಿಗಳಿಗೂ ಮೇವಿಲ್ಲ. ನಾನು ಅದನ್ನು ಒಪ್ಪಿದೆ. ಇದು ಒಗ್ಗದವರು ಹಿಲ್ ಕಂಟ್ರಿಯಲ್ಲೇ ನವೆಂಬರ್ ಮೊದಲ ವಾರಗಳಲ್ಲಿ ಹೆಣ್ಣು ಹೊಡೆಯಲಿ, ಅದೂ ಸರಿಯಾದ ದಾರಿಯೇ. ಸೆಕೆ ಮಾತ್ರ ನೆನಪಿರಲಿ.

ಮಾಂಸದ ವಿಷಯಕ್ಕೆ ಬಂದರೆ ಹೋಲಿಕೆಯೇ ಇಲ್ಲ. ರ‍್ಯಾಂಚಿನ ತಣ್ಣನೆ ಕೋಣೆಯಲ್ಲಿ ರಾತ್ರಿಯಿಡೀ ತೂಗುಹಾಕಿ, ಆಮೇಲೆ ಅಂಗಡಿಯಲ್ಲಿ ಮೂರು ದಿನ. ಎರಡರಿಂದ ಮೂಳೆ ಬಿಟ್ಟು 26 ಕಿಲೋ. ಜಿಂಕೆ ಕೊಬ್ಬು ಮೇಣದಂತೆ ಅಂಗುಳಿಗೆ ಅಂಟುತ್ತದೆ, ಅದನ್ನೂ ಬೆಳ್ಳಗಿನ ಪೊರೆಯನ್ನೂ ಒಂದೆಳೆ ಬಿಡದೆ ತೆಗೆದರೆ ಉಳಿದದ್ದು ಬರೀ ಕೆಂಪು ಮಾಂಸ. ಸಂಕ್ರಾಂತಿ ಕಳೆದ ಭಾನುವಾರ ಅಕ್ಕಿ ಕಡುಬು, ಬಾಡಿನ ಸಾರು ಮಾಡಿದೆವು. ಹುಣಸೆ ಹಾಕುವ ಅಗತ್ಯವೇ ಬೀಳಲಿಲ್ಲ. ಮಗಳು ಎರಡನೇ ಸಲ ಬಡಿಸಿಕೊಂಡಳು.

ಉಳಿದದ್ದು ಚುಟುಕಾಗಿ. ಬಿಲ್ಲಿನ ಸೀಸನ್ ಅಕ್ಟೋಬರ್‌ನಲ್ಲಿದೆ, ನನಗೆ ಬಿಲ್ಲು ಬರುವುದಿಲ್ಲ. ಹುಣ್ಣಿಮೆ ನೋಡಿ ದಿನ ಆರಿಸುವವರಿದ್ದಾರೆ, ನಾನು ಥರ್ಮಾಮೀಟರ್ ನೋಡುತ್ತೇನೆ. ಟೆಕ್ಸಾಸ್ ನಿವಾಸಿಗೆ ಬೇಟೆ ಲೈಸೆನ್ಸ್ 25 ಡಾಲರ್, ಹೊರರಾಜ್ಯದವರಿಗೆ 315. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿಯನ್ನೂ ಮುಗಿಸಿರಬೇಕು. ಕೆಲಸದ ವೀಸಾದಲ್ಲಿರುವ ನಮ್ಮವರು ಗಮನಿಸಿ: ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇಲ್ಲದೆ ಬಂದೂಕು ಕೈಗೆ ತೆಗೆದುಕೊಳ್ಳುವುದು ಫೆಡರಲ್ ಅಪರಾಧ, ಗೈಡ್ ಕೊಟ್ಟದ್ದಾದರೂ ಸರಿ. ಲೈಸೆನ್ಸ್ ಮೊದಲು, ಬುಕಿಂಗ್ ಆಮೇಲೆ.

ಬುಕ್ ಮಾಡುವಾಗ ನಾನೀಗ ಮೂರೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಕೌಂಟಿಯಲ್ಲಿ ರಟ್ ಭರ ಯಾವ ವಾರ? ತಣ್ಣನೆ ಕೋಣೆ ರ‍್ಯಾಂಚ್‌ನಲ್ಲೇ ಇದೆಯೇ? ಮುಂಗಡವನ್ನು ಬೇರೆ ವಾರಕ್ಕೆ ವರ್ಗಾಯಿಸುತ್ತೀರಾ? ಮೇಸನ್‌ನವನು ಮೂರಕ್ಕೂ ನೇರ ಉತ್ತರ ಕೊಟ್ಟಿದ್ದ. ಮುಂದಿನ ಜನವರಿಗೂ ಅವನಿಗೇ 200 ಡಾಲರ್ ಕಳಿಸಿದ್ದೇನೆ. ಈ ಸಲ ಮೂರು ಹೆಣ್ಣು, ಒಂದು ಡಲ್ಲಾಸ್‌ನಲ್ಲಿರುವ ತಮ್ಮನ ಮನೆಗೆ.