ಮುಂಬಯಿಯ ಸಂಬಳವೋ, ಪುಣೆಯ ಬಿಡುವೋ: ಕೆಲಸ ಆರಿಸುವವರಿಗೆ

ಮುಂಬಯಿ ಹೊರವಲಯದ ಡೊಂಬಿವಲಿಯ ಕನ್ನಡಿಗರು ಮುಂಬಯಿಯ ಕಚೇರಿಗಳ ಕೇಂದ್ರವಾದ ಬಾಂದ್ರಾ-ಕುರ್ಲಾ ಸಂಕೀರ್ಣದ ಹೆಚ್ಚು ಸಂಬಳದ ಕೆಲಸವನ್ನೂ, ಪುಣೆಯ ಹಿಂಜವಡಿಯಲ್ಲಿ ವಾರಕ್ಕೆರಡು ದಿನ ಮನೆಯಿಂದಲೇ ಮಾಡಬಹುದಾದ ಕಡಿಮೆ ಸಂಬಳದ ಕೆಲಸವನ್ನೂ ತೂಗುವಾಗ ಮೊದಲು ತಾಸುಗಳ ಲೆಕ್ಕ ಹಾಕಬೇಕು. ಲೋಕಲ್ ರೈಲಿನಲ್ಲಿ ಕುರ್ಲಾಕ್ಕೆ ಬಂದು ಮತ್ತೆ ಬಸ್ಸು ಹತ್ತುವ ಪ್ರಯಾಣವೇ ದಿನಕ್ಕೆ ಸುಮಾರು ಮೂರು ತಾಸು ನುಂಗುತ್ತದೆ. ಅದು ನಿದ್ದೆಯಿಂದಲೂ ಮಕ್ಕಳೊಂದಿಗಿನ ಮಾತಿನಿಂದಲೂ ಕಡಿತವಾಗುವ ಸಮಯ. ಹಿಂಜವಡಿಯ ವಾಹನ ದಟ್ಟಣೆಯೂ ಕಡಿಮೆಯೇನಲ್ಲ, ಆದರೆ ಪಕ್ಕದ ವಾಕಡದಲ್ಲಿ ಮನೆ ಮಾಡಿದರೆ ಹೊರೆ ಇಳಿಯುತ್ತದೆ. ಪ್ರಯಾಣದ ಜೊತೆಗೆ ಕೆಲಸದ ತಾಸುಗಳನ್ನೂ ನೋಡಬೇಕು: ವಾರಕ್ಕೆ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿವೆ. ದಣಿದವರು ಹೆಚ್ಚು ತಪ್ಪು ಮಾಡುತ್ತಾರೆ, ಅದನ್ನು ತಿದ್ದಲು ಇನ್ನಷ್ಟು ವೇಳೆ ಹೋಗುತ್ತದೆ. ಸಾಲದ ಕಂತು ತೀರಾ ಬಿಗಿಯಾಗಿಲ್ಲದಿದ್ದರೆ ನಾನು ಪುಣೆಯನ್ನೇ ಸೂಚಿಸುತ್ತೇನೆ. ಆದರೆ ಮನೆಯಿಂದ ಕೆಲಸ ಮಾಡುವ ದಿನಗಳನ್ನು ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ.